ಗಡಿಯಾರ ಹಿಂದೆ ಉಂಟು

ಕಾಸರಗೋಡಿನಿಂದ ಚೆರ್ಕಳ, ಬದಿಯಡ್ಕ ಮಾರ್ಗವಾಗಿ ಪೆರ್ಲಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ಸಿಕ್ಕಿದರೆ ನನಗೆ ಕೈಯಲ್ಲಿರುವ ಕಡತ ಬಿಡಿಸುವ ಮನಸ್ಸಾಗುವುದಿಲ್ಲ. ಚೆರ್ಕಳದಲ್ಲಿ ಹೆದ್ದಾರಿಯ ಗದ್ದಲ ಹಿಂದುಳಿಯುತ್ತದೆ. ಅಲ್ಲಿಂದ ಮುಂದೆ ಮುರಕಲ್ಲಿನ ಬೋಳು ಪದವುಗಳು, ಅವುಗಳ ನಡುವಿನ ತಗ್ಗಿನಲ್ಲಿ ಒತ್ತಾಗಿ ನಿಂತ ಕಂಗಿನ ತೋಟಗಳು, ಅಲ್ಲೊಂದು ಇಲ್ಲೊಂದು ಹಂಚಿನ ಮನೆ. ಬೇಸಿಗೆಯಲ್ಲಿ ಪದವಿನ ಮೇಲೆ ಹುಲ್ಲುಕಡ್ಡಿಯೂ ಒಣಗಿ ನಿಂತಿರುವಾಗ ಐವತ್ತು ಅಡಿ ಕೆಳಗಿನ ತೋಟ ಹಸಿರಾಗಿರುವುದನ್ನು ಕಂಡ ಹೊರಗಿನವರು, ಈ ನೀರು ಎಲ್ಲಿಂದ ಬಂತೆಂದು ಕೇಳದೆ ಇರುವುದಿಲ್ಲ. ಪೆರ್ಲದಲ್ಲಿಳಿದು ಒಳದಾರಿಯ ಬಸ್ಸಿಗಾಗಿ ಕಾಯುವಾಗ ‘ಸ್ವರ್ಗ’ ಎಂಬ ಫಲಕ ಹೊತ್ತ ಬಸ್ಸೊಂದು ಬಂದೀತು. ಎಣ್ಮಕಜೆ ಪಂಚಾಯತಿನಲ್ಲಿ ಆ ಹೆಸರಿನ ಊರೊಂದುಂಟು. ಹೊಸಬರು ನಗುತ್ತಾರೆ, ಊರವರು ಚಿಲ್ಲರೆ ಎಣಿಸುತ್ತ ಹತ್ತಿ ಕುಳಿತುಕೊಳ್ಳುತ್ತಾರೆ.

ನಾನು ಹೊರಟಿದ್ದದ್ದು ಸ್ವರ್ಗಕ್ಕಲ್ಲ, ಅದೇ ಸೀಮೆಯ ಇನ್ನೊಂದು ಊರಿಗೆ. ಎರಡು ಮನೆಗಳ ನಡುವೆ ನೀರಿನ ಹಕ್ಕಿನ ವ್ಯಾಜ್ಯವಿದ್ದು, ಸ್ಥಳವನ್ನು ಕಣ್ಣಾರೆ ಕಂಡು ವರದಿ ಸಲ್ಲಿಸುವಂತೆ ನ್ಯಾಯಾಲಯವು ನನ್ನನ್ನು ಕಮಿಷನರನಾಗಿ ನೇಮಿಸಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೆಯ ಆದೇಶದ 9ನೆಯ ನಿಯಮದ ಪ್ರಕಾರ ನಡೆಯುವ ಕೆಲಸವಿದು. ಪ್ರಕರಣ ಇನ್ನೂ ತೀರ್ಮಾನವಾಗದಿರುವುದರಿಂದ ಊರಿನ ಹೆಸರನ್ನೂ ಕಕ್ಷಿಗಾರರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಕಮಿಷನರನಾದವನು ಕಂಡದ್ದನ್ನು ಬರೆಯಬೇಕು, ಅಳೆದದ್ದನ್ನು ಬರೆಯಬೇಕು; ಊಹಿಸಿದ್ದನ್ನೂ ಕೇಳಿದ್ದನ್ನೂ ಬರೆಯಬಾರದು. ವಾದಿಯ ಮನೆಯ ಚಹಾವನ್ನಾಗಲಿ ಪ್ರತಿವಾದಿಯ ಮನೆಯ ಎಳನೀರನ್ನಾಗಲಿ ಮುಟ್ಟದಿರುವುದೂ ಒಳ್ಳೆಯದು. ಮೇ ತಿಂಗಳ ಸೆಖೆಯಲ್ಲಿ ಈ ಎರಡನೆಯ ನಿಯಮವೇ ಹೆಚ್ಚು ಕಷ್ಟದ್ದು.

ವ್ಯಾಜ್ಯದ ವಸ್ತು ಒಂದು ಸುರಂಗ. ನಮ್ಮ ಓದುಗರಲ್ಲಿ ಅನೇಕರ ಮನೆಯ ಹಿಂದೆಯೇ ಸುರಂಗವಿರುವುದರಿಂದ ವಿವರಣೆ ಅನಗತ್ಯವೆನಿಸಬಹುದು. ಆದರೂ ದೂರದ ಊರುಗಳ ಮಕ್ಕಳಿಗಾಗಿ ಎರಡು ಮಾತು. ಬಾವಿಯನ್ನು ಕೆಳಕ್ಕೆ ತೋಡುತ್ತಾರೆ, ಸುರಂಗವನ್ನು ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಒಬ್ಬ ಆಳು ನಿಂತು ಪಿಕ್ಕಾಸು ಬೀಸುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಮುರಕಲ್ಲಿನ ಪದರಗಳ ನಡುವೆ ಒಸರು ಸಿಕ್ಕಿದಲ್ಲಿಗೆ ಕೊರೆಯುವುದು ನಿಲ್ಲುತ್ತದೆ. ಅಲ್ಲಿಂದ ನೀರು ಪಂಪಿಲ್ಲದೆ, ವಿದ್ಯುತ್ತಿಲ್ಲದೆ, ತನ್ನಷ್ಟಕ್ಕೆ ಹರಿದು ಬಾಯಿಗೆ ಬರುತ್ತದೆ. ಹಿಂದೆ ಕಂಗಿನ ಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ, ಅದು ಟ್ಯಾಂಕಿಗೆ ಬಂದು ಸೇರುತ್ತದೆ.

ಸುರಂಗದ ಬಾಯಿಯಲ್ಲಿ ನಿಂತು ನಾನು ಅಳತೆ ಬರೆದುಕೊಳ್ಳುತ್ತಿದ್ದಾಗ ಪ್ರತಿವಾದಿಗಳಾದ ಹಿರಿಯರನ್ನು ಒಂದು ಮಾತು ಕೇಳಿದೆ: “ನೀರು ನಿಂತಿತೆಂದು ನಿಮಗೆ ತಿಳಿದದ್ದು ಹೇಗೆ? ತಿಳಿದ ಮೇಲೆ ಏನು ಮಾಡಿದಿರಿ?”

“ಎಂತ ಮಾಡುವುದು ವಕೀಲರೇ, ಟ್ಯಾಂಕಿಯಿಂದ ಮೇಲಕ್ಕೆ ನಡೆದದ್ದು. ಪೈಪಿನ ಸಂದು ಸಂದಿನಲ್ಲಿ ಬಿಚ್ಚಿ ನೋಡಿದ್ದು. ಇಲ್ಲಿ ನೀರು ಉಂಟೋ, ಉಂಟು. ಇಲ್ಲಿ ಉಂಟೋ, ಇಲ್ಲ. ಹಾಗಾದರೆ ಎರಡರ ನಡುವೆ ಆಯಿತಲ್ಲ. ಟ್ಯಾಂಕಿಯ ಹತ್ತಿರ ಕೂತುಕೊಂಡು ಗುಡ್ಡಕ್ಕೆ ಬೈದರೆ ನೀರು ಬರ್ತದಾ?”

ಇದನ್ನು ವರದಿಯಲ್ಲಿ ಬರೆಯುವಂತಿರಲಿಲ್ಲ. ಮನಸ್ಸಿನಲ್ಲಿ ಬರೆದುಕೊಂಡೆ.

ಅಷ್ಟರಲ್ಲಿ ಮೂಡಣದ ಗುಡ್ಡೆಯ ಮೇಲೆ ಆಕಾಶ ಕಪ್ಪಾಯಿತು. ಮಳೆಗಾಲಕ್ಕೆ ಮುಂಚಿನ ನಮ್ಮ ಗುಡುಗುಮಳೆಯನ್ನು ಕಂಡವರಿಗೆ ಗೊತ್ತು, ಅದು ಹೇಳಿ ಕೇಳಿ ಬರುವುದಿಲ್ಲ. ಸಿಡಿಲಿನ ಭಯಕ್ಕೆ ಪ್ರತಿ ಮನೆಯಲ್ಲಿಯೂ ಟಿವಿಯ ಪ್ಲಗ್ಗು, ಫ್ರಿಜ್ಜಿನ ಪ್ಲಗ್ಗು, ಮೋಡೆಮಿನ ಪ್ಲಗ್ಗುಗಳನ್ನು ಕಿತ್ತಿಡುವ ಓಡಾಟ ಆರಂಭವಾಗುತ್ತದೆ. ನಾವು ಓಡಿ ಸೇರಿದ್ದು ಊರಿನ ಗ್ರಂಥಾಲಯದ ಜಗಲಿಗೆ. ಒಂದು ಕೋಣೆಯ ತುಂಬ ಕನ್ನಡ ಮಲೆಯಾಳ ಪುಸ್ತಕಗಳು, ಪತ್ರಿಕೆ ಓದಲು ಒಂದು ಉದ್ದನೆಯ ಮೇಜು, ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಒಂದು ಕಂಪ್ಯೂಟರ್. ಮೇಜಿನ ಆ ತುದಿಯಲ್ಲಿ ವಾದಿ ಕುಳಿತರು, ಈ ತುದಿಯಲ್ಲಿ ಪ್ರತಿವಾದಿ. ಮೂರು ವರ್ಷಗಳಿಂದ ಪರಸ್ಪರ ಮಾತನಾಡದವರು. ಗ್ರಂಥಪಾಲಕಿಯವರು ತಂದಿಟ್ಟ ಕರಿಚಹಾ ಯಾವ ಪಕ್ಷಕ್ಕೂ ಸೇರದುದರಿಂದ ನಾನು ನಿಶ್ಚಿಂತೆಯಿಂದ ಕುಡಿದೆ.

ಒಳಗೆ ಇನ್ನಿಬ್ಬರಿದ್ದರು. ಬೀಡಿ ಕಟ್ಟುವ ತಾಯಿ, ಅವರ ಮಗಳು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಗೆ ವಿಜ್ಞಾನ ವಿಭಾಗವೇ ಬೇಕು. ಹನ್ನೊಂದನೆಯ ತರಗತಿಯ ಪ್ರವೇಶಕ್ಕೆ ನಮ್ಮ ರಾಜ್ಯದಲ್ಲಿರುವ ‘ಏಕಜಾಲಕ’ದ ಕ್ರಮ ನಿಮಗೆಲ್ಲ ತಿಳಿದದ್ದೇ: ಶಾಲೆಗಳನ್ನು ಬಯಸಿದ ಅನುಕ್ರಮದಲ್ಲಿ ಆನ್‌ಲೈನ್ ಅರ್ಜಿಯಲ್ಲಿ ಸೇರಿಸಬೇಕು, ಕೊನೆಗೆ ದೃಢೀಕರಿಸಬೇಕು. ದೃಢೀಕರಿಸದ ಅರ್ಜಿ ಅರ್ಜಿಯೇ ಅಲ್ಲ. ಹುಡುಗಿ ತನ್ನ ಶಾಲೆಯ ಟೀಚರರ ಸಹಾಯದಿಂದ ವಿವರಗಳನ್ನೆಲ್ಲ ತುಂಬಿಸಿಟ್ಟಿದ್ದಳು. ಹತ್ತಿರದ ಶಾಲೆಯನ್ನು ಮೊದಲು ಹಾಕಬೇಕೋ, ಎರಡು ಬಸ್ಸು ಬದಲಿಸಬೇಕಾದ ದೂರದ ಶಾಲೆಯನ್ನೋ ಎಂಬ ಮನೆಯ ಚರ್ಚೆ ಮುಗಿಯುವಾಗ ಕೊನೆಯ ದಿನ ಬಂದಿತ್ತು. ಸಂಜೆ ಐದು ಗಂಟೆಯ ಗಡುವು. ಆಗ ಸಮಯ ಮೂರು ದಾಟಿತ್ತು.

ಬೇರೆ ದಾರಿಗಳಿರಲಿಲ್ಲವೇ ಎಂದು ನೀವು ಕೇಳಬಹುದು. ಪೆರ್ಲದಲ್ಲಿ ಜನಸೇವೆಯ ಅಕ್ಷಯ ಕೇಂದ್ರವಿದೆ; ಆದರೆ ಗಾಳಿಗೆ ಹಲಸಿನ ಮರ ಅಡ್ಡಬಿದ್ದು ಬಸ್ಸು ಆಚೆಯೇ ನಿಂತಿತ್ತು. ತಾಯಿಯ ಮೊಬೈಲಿಗೆ ಆ ತಗ್ಗಿನಲ್ಲಿ ಸಿಗ್ನಲ್ ಇಲ್ಲ. ಪದವಿನ ತಲೆಗೆ ಹತ್ತಿದರೆ ಸಿಗುತ್ತದೆ, ಆದರೆ ಸಿಡಿಲು ಬೀಳುವ ಹೊತ್ತಿನಲ್ಲಿ ಬೋಳು ಪದವಿನ ಮೇಲೆ ಮಗುವನ್ನು ನಿಲ್ಲಿಸುವವರಾರು? ಗ್ರಂಥಾಲಯಕ್ಕೆ ಕೇಬಲಿನವರ ಫೈಬರ್ ಸಂಪರ್ಕವಿತ್ತು. ಅದರ ವೈಫೈಯನ್ನು, ಹುಡುಗರು ರಾತ್ರಿಯೆಲ್ಲ ಜಗಲಿಯಲ್ಲಿ ಕೂರುತ್ತಾರೆಂದು, ಕಾರ್ಯದರ್ಶಿಗಳು ನಿಲ್ಲಿಸಿಟ್ಟಿದ್ದರು. ಪಾಸ್‌ವರ್ಡ್ ಅವರಿಗೆ ಮಾತ್ರ ಗೊತ್ತು, ಅವರು ಅಂದು ಮಂಗಳೂರಿನಲ್ಲಿ. ಉಳಿದದ್ದು ಮೂಲೆಯ ಆ ಕಂಪ್ಯೂಟರ್ ಒಂದೇ.

ಗುಡುಗು ದೂರ ಸರಿದ ಮೇಲೆ ಗ್ರಂಥಪಾಲಕಿಯವರು ಪ್ಲಗ್ಗು ಸಿಕ್ಕಿಸಿದರು. ಯಂತ್ರ ಎದ್ದಿತು, ಬ್ರೌಸರ್ ತೆರೆಯಿತು, ಪುಟ ಬರಲಿಲ್ಲ. ಮೋಡೆಮನ್ನು ಆಫ್ ಮಾಡಿ ಆನ್ ಮಾಡಿದರು. ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದರು. ಮೂರು ಬಾರಿ ಹೀಗಾದ ಮೇಲೆ, “ನೆಟ್ ಇಲ್ಲ. ಸಿಡಿಲಿಗೆ ಲೈನು ಹೋಗಿರಬೇಕು” ಎಂದು ತೀರ್ಪಿತ್ತರು. ತಾಯಿ ಕೊಡೆ ಎತ್ತಿಕೊಂಡರು. ಹುಡುಗಿ ಏಳಲಿಲ್ಲ.

ಈ ‘ನೆಟ್ ಇಲ್ಲ’ ಎಂಬ ತೀರ್ಪಿನ ಬಗ್ಗೆ ನನಗೆ ಗುಮಾನಿ ಹುಟ್ಟಲು ಕಾರಣ ನನ್ನದೇ ಕಚೇರಿಯ ಅನುಭವ. ಒಮ್ಮೆ ಮೂರು ದಿನ ನನ್ನ ಕಂಪ್ಯೂಟರಿನಲ್ಲಿ ಒಂದು ಪುಟವೂ ತೆರೆಯಲಿಲ್ಲ. ಕೇಬಲಿನ ಹುಡುಗನಿಗೆ ಎರಡು ಬಾರಿ ಬೈದೆ, ಒಮ್ಮೆ ಬಳಕೆದಾರರ ನ್ಯಾಯಾಲಯದ ಹೆಸರನ್ನೂ ಎತ್ತಿದೆ. ಕೊನೆಗೆ ನೋಡಿದರೆ, ನಾನೇ ಬಿಟ್ಟಿಯಾಗಿ ಸಿಕ್ಕಿತೆಂದು ಹಾಕಿಕೊಂಡಿದ್ದ ಯಾವುದೋ ತಂತ್ರಾಂಶವು ‘ಪ್ರಾಕ್ಸಿ’ ಎಂಬ ಸೆಟ್ಟಿಂಗನ್ನು ಬದಲಿಸಿಟ್ಟಿತ್ತು. ಅಂದರೆ ನನ್ನ ಕಂಪ್ಯೂಟರು ಪ್ರತಿಯೊಂದು ಪತ್ರವನ್ನೂ ನೇರ ಅಂಚೆಗೆ ಹಾಕದೆ, ಮನೆ ಖಾಲಿ ಮಾಡಿ ಹೋದ ಒಬ್ಬ ಮಧ್ಯವರ್ತಿಯ ಬಾಗಿಲಲ್ಲಿ ಇಟ್ಟು ಉತ್ತರಕ್ಕಾಗಿ ಕಾಯುತ್ತಿತ್ತು. ಆ ಒಂದು ಗುಂಡಿಯನ್ನು ಆಫ್ ಮಾಡಿದೊಡನೆ ಎಲ್ಲವೂ ಸರಿಹೋಯಿತು. ಆ ಹುಡುಗನಲ್ಲಿ ಕ್ಷಮೆ ಕೇಳಲು ನನಗೆ ಇನ್ನೂ ಎರಡು ದಿನ ಬೇಕಾಯಿತು.

“ಟ್ಯಾಂಕಿಯಿಂದ ಮೇಲಕ್ಕೆ ನಡೆಯೋಣ” ಎಂದೆ. ಪ್ರತಿವಾದಿಗಳು ತಲೆಯೆತ್ತಿ ನೋಡಿದರು.

ಮೊದಲು ತಂತಿ. ಕಂಪ್ಯೂಟರಿನ ಹಿಂಬದಿಯಲ್ಲಿ ಅದು ಸೇರುವ ಜಾಗದ ಪಕ್ಕದಲ್ಲಿ ಪುಟ್ಟ ದೀಪ ಮಿಣುಕುತ್ತಿತ್ತು, ಅಲ್ಲಿಯವರೆಗೆ ಉಂಟು. ಮೋಡೆಮಿನಲ್ಲಿ ಕೆಂಪು ದೀಪವಿರಲಿಲ್ಲ. ಫೈಬರ್ ಕಡಿದಿದ್ದರೆ ಅದು ಸಾಮಾನ್ಯವಾಗಿ ಕೆಂಪಾಗಿ ತಿಳಿಸುತ್ತದೆ. ಮುಂದೆ, ಆರಂಭದ ಪಟ್ಟಿಯಲ್ಲಿ ‘ಸಿಎಂಡಿ’ ಎಂದು ಬರೆದರೆ ತೆರೆಯುವ ಕಪ್ಪು ಕಿಟಕಿಯಲ್ಲಿ ‘ಐಪಿಕಾನ್ಫಿಗ್’ ಎಂಬ ಆಜ್ಞೆ ಕೊಟ್ಟೆ. ಕಂಪ್ಯೂಟರಿಗೆ ಸಿಕ್ಕಿದ ವಿಳಾಸ 169.254 ಎಂದು ಆರಂಭವಾಗಿದ್ದರೆ, ಮೋಡೆಮು ಅದಕ್ಕೆ ವಿಳಾಸ ಕೊಡದೆ ಅದೇ ಒಂದನ್ನು ಕಟ್ಟಿಕೊಂಡಿದೆ ಎಂದರ್ಥ. ಇಲ್ಲಿ 192.168 ಎಂದಿತ್ತು, ಸರಿಯಾದ ವಿಳಾಸವೇ. ಅಲ್ಲಿಂದ ಇನ್ನೂ ಮೇಲಕ್ಕೆ: ‘ಪಿಂಗ್ 8.8.8.8’. ಇದು ಗೂಗಲ್ ಸಂಸ್ಥೆ 2009ರಿಂದ ಸಾರ್ವಜನಿಕರಿಗೆ ತೆರೆದಿಟ್ಟಿರುವ ಒಂದು ವಿಳಾಸ, ಕೂಗಿದರೆ ಓಗೊಡುತ್ತದೆ. ಕೂಗಿದೆವು. ನಾಲ್ಕು ಬಾರಿಗೆ ನಾಲ್ಕು ಉತ್ತರಗಳೂ ಬಂದವು.

ಗ್ರಂಥಪಾಲಕಿಯವರು, “ಅಂದರೆ ಲೈನು ಉಂಟಾ?” ಎಂದರು.

ಲೈನು ಉಂಟು. ಆ ತಗ್ಗಿನಿಂದ, ಬಿದ್ದ ಹಲಸಿನ ಮರವನ್ನೂ ದಾಟಿ, ಲೋಕದವರೆಗೂ ಉಂಟು. ಇನ್ನೊಂದು ಸಂದು ಬಿಚ್ಚುವುದಿತ್ತು. ನಾವು ಜಾಲತಾಣಗಳನ್ನು ಹೆಸರಿನಿಂದ ಕರೆಯುತ್ತೇವೆ, ಯಂತ್ರಗಳು ಸಂಖ್ಯೆಯಿಂದ ಗುರುತಿಸುತ್ತವೆ. ಹೆಸರನ್ನು ಸಂಖ್ಯೆಗೆ ತಿರುಗಿಸಿ ಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು. ಸಂಖ್ಯೆಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ದೋಷ ಅಲ್ಲಿರುತ್ತದೆ. ಹೆಸರಿನಿಂದ ಕರೆದೆವು. ಅದಕ್ಕೂ ಉತ್ತರ ಬಂತು. ಪ್ರಾಕ್ಸಿಯನ್ನೂ ನೋಡಿದೆ, ನನ್ನ ಹಳೆಯ ಶತ್ರು ಅಲ್ಲಿರಲಿಲ್ಲ. ಹಾಗಾದರೆ ನೀರು ಟ್ಯಾಂಕಿಯ ಬಾಯಿಯವರೆಗೆ ಬಂದಿದೆ, ಒಳಗೆ ಬೀಳುತ್ತಿಲ್ಲ.

ಆಗ ನನಗೆ ಹೊಳೆಯಬೇಕಾಗಿದ್ದದ್ದು, ನಾವಾರೂ ಬ್ರೌಸರಿನ ಪುಟವನ್ನೇ ಓದಿರಲಿಲ್ಲ ಎಂಬುದು. ನಾನೂ ಓದಿರಲಿಲ್ಲ. ಅರ್ಧ ಗಂಟೆಯಿಂದ ಆ ಪುಟ ಎಲ್ಲರ ಮುಂದೆ ತೆರೆದೇ ಇತ್ತು. ನೋಟೀಸು ಜಾರಿಯಾಗಿದ್ದರೂ ಲಕೋಟೆ ಒಡೆಯದೆ ಇಟ್ಟುಕೊಂಡು, ಏಕಪಕ್ಷೀಯ ಆದೇಶವಾದ ಮೇಲೆ ನಮ್ಮ ಬಳಿಗೆ ಬರುವ ಕಕ್ಷಿಗಾರರಿಗೆ ನಾನು ಎಷ್ಟು ಬುದ್ಧಿ ಹೇಳಿಲ್ಲ!

“ಅಲ್ಲಿ ಎಂತ ಬರೆದಿದೆ?” ಎಂದು ಕೇಳಿದೆ.

“ಎಂತದೋ ಇಂಗ್ಲಿಷಿನಲ್ಲಿ ಬರ್ತದೆ ಸರ್. ಎರರ್” ಎಂದರು ಗ್ರಂಥಪಾಲಕಿ.

“ಎರರ್ ಎಂದು ಮಾತ್ರವೋ, ಬೇರೇನಾದರೂ ಉಂಟೋ? ನೀನು ಓದಮ್ಮಾ.”

ಹುಡುಗಿ ಸಂಕೋಚಪಟ್ಟಳು. ಕನ್ನಡ ಮಾಧ್ಯಮದಲ್ಲಿ ಕಲಿತ ನನಗೆ ಆ ಸಂಕೋಚದ ಪರಿಚಯ ಚೆನ್ನಾಗಿದೆ. ಕಾನೂನು ಕಾಲೇಜಿನ ಮೊದಲ ವರ್ಷ ನಾನು ಇಂಗ್ಲಿಷಿನ ಪುಟ ಕಂಡೊಡನೆ ಅದು ನನಗಾಗಿ ಬರೆದದ್ದಲ್ಲವೆಂದು ಭಾವಿಸಿ ದಾಟಿಹೋಗುತ್ತಿದ್ದೆ. ಅರ್ಥವಾಗದ ಪದಗಳಿಗಿಂತ ಹೆಚ್ಚಾಗಿ, ಓದಲು ಆರಂಭಿಸದೆ ಇದ್ದದ್ದೇ ನನಗೆ ನಷ್ಟವಾದದ್ದು. ಹುಡುಗಿ ಒಂದೊಂದೇ ಪದದ ಮೇಲೆ ಬೆರಳಿಟ್ಟು, ಮೊದಲು ಬಾಯೊಳಗೆ, ಆಮೇಲೆ ಗಟ್ಟಿಯಾಗಿ ಓದಿ, ನಿಧಾನವಾಗಿ ಹೇಳಿದಳು:

“ನಿಮ್ಮ ಗಡಿಯಾರ ಹಿಂದೆ ಉಂಟು.”

ವಾದಿ, ಪ್ರತಿವಾದಿ, ತಾಯಿ, ನಾಲ್ವರಲ್ಲಿ ಮೂವರು ಒಟ್ಟಿಗೇ ಕತ್ತು ತಿರುಗಿಸಿ ಹಿಂದಿನ ಗೋಡೆಯನ್ನು ನೋಡಿದರು. ಅಲ್ಲೊಂದು ಗೋಡೆಗಡಿಯಾರವೂ ಇತ್ತು. ಮೂರು ಮೂವತ್ತೈದು. ಸರಿಯಾಗಿಯೇ ನಡೆಯುತ್ತಿತ್ತು. ವಾದಿಗಳು ತಮ್ಮ ಕೈಗಡಿಯಾರ ನೋಡಿ, “ಸರಿ ಉಂಟಲ್ಲ” ಎಂದರು. ಪ್ರತಿವಾದಿಗಳು, “ಹೌದು, ನನ್ನದರಲ್ಲಿಯೂ ಅಷ್ಟೇ” ಎಂದರು. ಅವರು ಪರಸ್ಪರ ಹೇಳಿದ್ದೋ ನನಗೆ ಹೇಳಿದ್ದೋ ತಿಳಿಯದು.

ಹುಡುಗಿ ಮಾತ್ರ ಪರದೆಯ ಕೆಳಮೂಲೆಯನ್ನು ನೋಡುತ್ತಿದ್ದಳು. “ಸರ್, ಇದರಲ್ಲಿ 2014 ಜನವರಿ ಒಂದು ಅಂತ ಉಂಟು!”

ಇದರಿಂದ ಬ್ರೌಸರಿಗೇನು ತೊಂದರೆ ಎನ್ನಿಸಬಹುದು. ಹಣ, ಪರೀಕ್ಷೆ, ಅರ್ಜಿ ಮುಂತಾದ ವ್ಯವಹಾರಗಳ ಜಾಲತಾಣಗಳು ಬ್ರೌಸರಿಗೆ ಮೊದಲು ತಮ್ಮ ಗುರುತಿನ ಪ್ರಮಾಣಪತ್ರವನ್ನು ತೋರಿಸಬೇಕು. ಇಂದು ಬಹುತೇಕ ಎಲ್ಲ ತಾಣಗಳೂ ಹೀಗೆಯೇ ನಡೆಯುತ್ತವೆ. ವಿಳಾಸದ ಆರಂಭದಲ್ಲಿ ‘ಎಚ್‌ಟಿಟಿಪಿಎಸ್’ ಎಂದಿರುವುದು ಅದರ ಗುರುತು. ಆ ಪತ್ರದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಊರ್ಜಿತ ಎಂಬ ಒಕ್ಕಣೆ ಇರುತ್ತದೆ. 2020ರ ಸೆಪ್ಟೆಂಬರಿನಿಂದ ಇಂಥ ಪತ್ರಗಳ ಅವಧಿ 398 ದಿನಗಳನ್ನು ಮೀರುವಂತಿಲ್ಲವೆಂದು ಪ್ರಮುಖ ಬ್ರೌಸರುಗಳು ನಿಯಮ ಮಾಡಿಕೊಂಡವು. ಈಗ, 2014ರಲ್ಲಿ ಕುಳಿತಿರುವೆನೆಂದು ನಂಬಿದ ಕಾವಲುಗಾರನಿಗೆ ಹತ್ತಾರು ವರ್ಷ ಮುಂದಿನ ತಾರೀಖಿನ ಪತ್ರ ತೋರಿಸಿದರೆ ಅವನೇನು ಮಾಡಿಯಾನು? ನಾಳೆ ಖರೀದಿಸಿದ ಮುದ್ರಾಂಕ ಕಾಗದದ ಮೇಲೆ ಇಂದು ಬರೆದ ಕರಾರನ್ನು ನನ್ನ ಮುಂದಿಟ್ಟರೆ ನಾನೂ ಮುಟ್ಟಲಾರೆ. ಬ್ರೌಸರು ಪ್ರತಿಯೊಂದು ತಾಣವನ್ನೂ ತಿರಸ್ಕರಿಸಿದ್ದು ತನ್ನ ಕರ್ತವ್ಯವನ್ನೇ ಮಾಡಿದಂತೆ. ಅದಕ್ಕೆ ಸಿಕ್ಕಿದ ತಾರೀಖು ಮಾತ್ರ ಸುಳ್ಳು.

ಉಳಿದದ್ದು ಎರಡು ನಿಮಿಷದ ಕೆಲಸ. ಕೆಳಮೂಲೆಯ ಗಡಿಯಾರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ದಿನಾಂಕ ಸಮಯಗಳ ಪುಟ ತೆರೆದು, ವರ್ಷ, ತಿಂಗಳು, ದಿನ, ಗಂಟೆಗಳನ್ನು ಕೈಯಿಂದಲೇ ತಿದ್ದುವುದು. ಹುಡುಗಿಯೇ ತಿದ್ದಿದಳು. ಮೂರು ನಲವತ್ತೆರಡು ಎಂದು ಬರೆದವಳು ಅದು ಮಧ್ಯಾಹ್ನವೋ ಬೆಳಗಿನ ಜಾವವೋ ಎಂದು ಗಮನಿಸಿ ಅದನ್ನೂ ಸರಿಪಡಿಸಿದಳು. ನನಗೆ ಅದು ನೆನಪಿಗೆ ಬಂದಿರಲಿಲ್ಲ. ಬ್ರೌಸರನ್ನು ಮುಚ್ಚಿ ತೆರೆದಾಗ ಪುಟ ಬಂತು. ಪಟ್ಟಿಯಲ್ಲಿ ಮೊದಲ ಶಾಲೆಯಾಗಿ ದೂರದ್ದನ್ನೇ ಇಟ್ಟಳು. ತಾಯಿ, “ಮಳೆಗಾಲದಲ್ಲಿ ಎರಡು ಬಸ್ಸು ಮಗಾ” ಎಂದರು. “ಆಗ್ತದೆ ಅಮ್ಮ” ಎಂದಳು. ನಾಲ್ಕು ಗಂಟೆಗೆ ಹತ್ತು ನಿಮಿಷವಿರುವಾಗ ಅರ್ಜಿ ದೃಢವಾಯಿತು. ಪ್ರಿಂಟರಿನಲ್ಲಿ ಶಾಯಿ ಇರಲಿಲ್ಲ. ಅರ್ಜಿಯ ಸಂಖ್ಯೆಯನ್ನು ಬೀಡಿಯ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡರು.

ಗಡಿಯಾರ 2014ಕ್ಕೆ ಹೋದದ್ದೇಕೆ ಎಂಬ ಪ್ರಶ್ನೆಯನ್ನು ಕೇಳಿದವರು ಪ್ರತಿವಾದಿಗಳು. ಸುರಂಗದವರಲ್ಲವೇ, ಒರತೆಯವರೆಗೆ ಹೋಗದೆ ಅವರಿಗೆ ಸಮಾಧಾನವಿಲ್ಲ. ಕಂಪ್ಯೂಟರನ್ನು ಆಫ್ ಮಾಡಿದರೂ ಅದರೊಳಗಿನ ಗಡಿಯಾರ ಓಡುತ್ತಲೇ ಇರುತ್ತದೆ. ಪ್ಲಗ್ಗು ಗೋಡೆಯಲ್ಲಿದ್ದು ಸ್ವಿಚ್ಚು ಹಾಕಿದ್ದರೆ ಆ ವಿದ್ಯುತ್ತಿನಿಂದ. ಇಲ್ಲದಿದ್ದರೆ ಒಳಗಿರುವ ನಾಣ್ಯದಂಥ ಒಂದು ಬ್ಯಾಟರಿಯಿಂದ. ಆ ಬ್ಯಾಟರಿ ಕೆಲವು ವರ್ಷ ಬಾಳುತ್ತದೆ, ಆಮೇಲೆ ಬರಿದಾಗುತ್ತದೆ. ವಿಷು ಕಳೆದು ಗುಡುಗುಮಳೆ ಆರಂಭವಾದಾಗ ಗ್ರಂಥಪಾಲಕಿಯವರು ಸಿಡಿಲಿಗೆ ಹೆದರಿ ಪ್ಲಗ್ಗು ಕಿತ್ತಿಟ್ಟಿದ್ದರು. ಅದು ಸರಿಯಾದ ಕೆಲಸವೇ. ಕೀಳದಿದ್ದರೆ ಯಂತ್ರವೇ ಸುಟ್ಟುಹೋಗಬಹುದಿತ್ತು. ಆದರೆ ಬ್ಯಾಟರಿ ಸತ್ತಿದ್ದರಿಂದ ಗಡಿಯಾರ ನಿಂತು, ಮತ್ತೆ ಪ್ಲಗ್ಗು ಹಾಕಿದಾಗ, ಯಂತ್ರದ ಹುಟ್ಟಿನೊಂದಿಗೆ ಬಂದ ತಾರೀಖಿನಿಂದ ಪುನಃ ಎಣಿಸಲು ತೊಡಗಿತ್ತು. ಇನ್ನೊಮ್ಮೆ ಕಿತ್ತರೆ ಇನ್ನೊಮ್ಮೆ 2014.

“ಹಾಗಾದರೆ ಪ್ರತಿ ಗುಡುಗಿಗೂ ಇದೇ ಕತೆಯಾ?” ಎಂದು ಗ್ರಂಥಪಾಲಕಿಯವರು ಗಾಬರಿಯಾದರು.

ಪ್ಲಗ್ಗು ಕಿತ್ತೇ ಪೆಟ್ಟಿಗೆಯ ಬದಿಯ ತಗಡನ್ನು ಬಿಚ್ಚಿದೆವು. ವಾದಿಗಳ ಕಿಸೆಯಲ್ಲಿ ಸ್ಕ್ರೂ ಡ್ರೈವರ್ ಇತ್ತು, ಪ್ರತಿವಾದಿಗಳ ಫೋನಿನಲ್ಲಿ ಟಾರ್ಚು. ಬ್ಯಾಟರಿಯ ಮೇಲೆ ಸಿಆರ್ 2032 ಎಂದಿತ್ತು: ಇಪ್ಪತ್ತು ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದನ್ನೇ ಆ ಸಂಖ್ಯೆ ಹೇಳುತ್ತದೆ. ಮೂರು ವೋಲ್ಟಿನ ಇದು ವಾಚು ರಿಪೇರಿಯ ಅಂಗಡಿಗಳಲ್ಲಿ ಸಿಗುತ್ತದೆ.

ಮಳೆ ನಿಂತಿತು. ಹಲಸಿನ ಮರವನ್ನು ಕಡಿದು ದಾರಿ ಬಿಡಿಸುವಾಗ ಕತ್ತಲಾಗಿತ್ತು. ಸುರಂಗದ ಉಳಿದ ಅಳತೆಗಳನ್ನು ಇನ್ನೊಂದು ದಿನಕ್ಕೆ ಮುಂದೂಡಿದೆ. ಸುರಿದ ಮಳೆಗೆ ಒರತೆ ಹೆಚ್ಚಿ, ಆ ದಿನದ ನೀರಿನ ಲೆಕ್ಕ ಯಾರಿಗೂ ನ್ಯಾಯವಾಗುವಂತಿರಲಿಲ್ಲ. ಮರುದಿನ ವಿದ್ಯಾನಗರದ ಕೋರ್ಟಿಗೆ ಹೋಗುವ ದಾರಿಯಲ್ಲಿ ಎರಡು ಬ್ಯಾಟರಿ ಕೊಂಡು, ಲಕೋಟೆಯಲ್ಲಿಟ್ಟು, ಪೆರ್ಲದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟೆ. ಒಂದನ್ನು ಹಾಕಲು, ಒಂದನ್ನು ಮೇಜಿನ ಡ್ರಾಯರಿನಲ್ಲಿಡಲು.

ಎರಡನೆಯ ಬಾರಿ ಸ್ಥಳ ತಪಾಸಣೆಗೆ ಹೋದಾಗ ಗ್ರಂಥಾಲಯದ ಕಂಪ್ಯೂಟರಿನ ಪಕ್ಕದ ಗೋಡೆಯಲ್ಲಿ ಒಂದು ಕಾಗದ ಅಂಟಿಸಿತ್ತು. ಉರುಟಾದ ಶಾಲೆಯ ಅಕ್ಷರ. ‘ನೆಟ್ ಇಲ್ಲ ಎಂದು ಹೇಳುವ ಮೊದಲು ಪರದೆಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ. ಇಂಗ್ಲಿಷ್ ಆದರೂ ಓದಿ. ಆಮೇಲೆ ತಾರೀಖು ನೋಡಿ.’ ಬರೆದವಳು ಅಲ್ಲಿರಲಿಲ್ಲ. ಎರಡನೆಯ ಬಸ್ಸಿಗೆ ಹೋಗಿಯಾಗಿತ್ತು ಎಂದರು.